ಹತ್ತನೇ ಯಂತ್ರದ ವಿಳಾಸ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕಬಾಣಾವರದಿಂದ ಯಶವಂತಪುರಕ್ಕೆ ರೈಲಿನಲ್ಲಿ ನಿಂತೇ ಬಂದು, ಒಂದು ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ದಿನವಿಡೀ ಕೂತು, ಮತ್ತೆ ನಿಂತೇ ಮನೆಗೆ ಹೋಗುತ್ತಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಆ ಸುಸ್ತು ಈಗಲೂ ಮೈಯಲ್ಲಿದೆ.

ಯಂತ್ರಗಳನ್ನೆಲ್ಲ ಒಂದೇ ಕೇಬಲ್ಲಿಗೆ ಜೋಡಿಸಿದ್ದರು. ಒಂದೊಂದಕ್ಕೂ ಒಂದು ವಿಳಾಸ: ನಾಲ್ಕು ಸಂಖ್ಯೆ, ನಡುವೆ ಮೂರು ಚುಕ್ಕೆ, ಯಾವ ಸಂಖ್ಯೆಯೂ ಇನ್ನೂರೈವತ್ತೈದನ್ನು ದಾಟುವಂತಿಲ್ಲ. ನಾವು ಲಕೋಟೆಯ ಮೇಲೆ ಮನೆ ನಂಬರಿನಿಂದ ಶುರುಮಾಡಿ ಕ್ರಾಸು, ಮೇನು, ಊರು ಎಂದು ಬರೆಯುತ್ತೇವೆ. ಯಂತ್ರದ ವಿಳಾಸ ಊರಿನಿಂದ ಹೊರಟು ಕೊನೆಗೆ ಮನೆಗೆ ಬರುತ್ತದೆ. ನಮ್ಮ ಯಂತ್ರಗಳಿಗೆಲ್ಲ ಮೊದಲ ಮೂರು ಸಂಖ್ಯೆ ಒಂದೇ, ಕೊನೆಯದು ಮಾತ್ರ ಬೇರೆ ಬೇರೆ. ಇಷ್ಟು ತಲೆಗೆ ಹತ್ತಲು ನನಗೆ ಒಂದು ವಾರ ಬೇಕಾಯಿತು.

ಟೈಪಿಂಗ್ ಕಲಿತ ಕೈ ನನ್ನದು. ಅಂಕಿಗಳು ಒಂದರ ಕೆಳಗೊಂದು ಸರಿಯಾಗಿ ಕೂರದಿದ್ದರೆ ಸಮಾಧಾನವಿಲ್ಲ. ಹಾಗಾಗಿ ಯಂತ್ರಗಳಿಗೆ ವಿಳಾಸ ಕೊಡುವಾಗ ಕೊನೆಯ ಸಂಖ್ಯೆಯನ್ನು 001, 002 ಎಂದು ಮೂರಂಕಿಗೆ ತುಂಬಿಸುತ್ತಿದ್ದೆ. ಒಂಬತ್ತು ಯಂತ್ರಗಳವರೆಗೆ ಏನೂ ಆಗಲಿಲ್ಲ. ಹತ್ತನೆಯದು ಬಂದಾಗ 010 ಎಂದು ಬರೆದೆ. ಅವತ್ತಿನಿಂದ ಅದನ್ನು ಚಾಲೂ ಮಾಡಿದಾಗಲೆಲ್ಲ ಆಫೀಸರ ಕೋಣೆಯ ಎಂಟನೇ ಯಂತ್ರದ ಸಂಪರ್ಕ ಹೋಗಿಬಿಡುತ್ತಿತ್ತು.

ಆಫೀಸರು ಕೇಬಲ್ಲನ್ನು ದೂರಿದರು. ಅದನ್ನು ಎಳೆದವರು ಆರ್.ಟಿ. ನಗರದಿಂದ ಬರುತ್ತಿದ್ದ ಒಬ್ಬ ವಯಸ್ಸಾದ ಸಾಬರು. ಕಚೇರಿಯ ವೈರಿಂಗ್ ಕೆಲಸವೆಲ್ಲ ಅವರದೇ. ಮೂರು ದಿನ ಆ ಮನುಷ್ಯ ಮೊಣಕಾಲು ಹಿಡಿದುಕೊಂಡು ಏಣಿ ಹತ್ತಿ ಇಳಿದರು.

"ತಾರಲ್ಲಿ ಏನೂ ತಪ್ಪಿಲ್ಲ ಸಾರ್," ಎಂದರು.

"ಇವತ್ತೂ ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಬೇರೆಯವ್ರನ್ನ ಕರೀತೀನಿ ಸಾಬ್ರೇ."

ಅವರು ಮತ್ತೆ ಏಣಿ ಹತ್ತಿದರು. ನಾನು ಕೆಳಗೆ ಕೂತು, ಬೇರೇನೂ ತೋಚದೆ, ಯಂತ್ರದ ಜೊತೆ ಬಂದ ಪುಸ್ತಕ ತಿರುವಿದೆ. ಹಿಂಬದಿಯ ಪುಟದಲ್ಲಿ ಸಣ್ಣಕ್ಷರದಲ್ಲಿತ್ತು: ಸಂಖ್ಯೆಯ ಮುಂದೆ ಸೊನ್ನೆ ಇದ್ದರೆ ಯಂತ್ರ ಹತ್ತರ ಬದಲು ಎಂಟೆಂಟರ ಲೆಕ್ಕದಲ್ಲಿ ಎಣಿಸುತ್ತದೆ. ಒಂಟಿ ಅಂಕಿಗಳಿಗೆ ಅದರಿಂದ ವ್ಯತ್ಯಾಸವಾಗಿರಲಿಲ್ಲ; ನನ್ನ 010 ಮಾತ್ರ ಅದರ ಪಾಲಿಗೆ ಒಂದು ಎಂಟು, ಸೊನ್ನೆ ಬಿಡಿ, ಅಂದರೆ ಎಂಟು. ಎರಡು ಮನೆಗೆ ಒಂದೇ ನಂಬರು ಕೊಟ್ಟು ಕೂತಿದ್ದೆ.

ಆ ಸೊನ್ನೆ ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದೆ. ಎರಡೂ ನಡೆದವು.

"ಸರಿಹೋಯ್ತು!" ಆಫೀಸರು ಓಡಿ ಬಂದರು. "ಏನ್ ಮಾಡಿದ್ರಿ ಸಾಬ್ರೇ?"

ಸಾಬರು ಏನಾದರೊಂದು ಸುಳ್ಳು ಹೇಳಿದ್ದರೆ ಉಳಿದುಕೊಳ್ಳುತ್ತಿದ್ದರು. ಆದರೆ ಅವರು, "ಏನೂ ಮಾಡಿಲ್ಲ ಸಾರ್. ಬರೀ ಮುಟ್ಟಿ ನೋಡ್ದೆ," ಎಂದರು.

"ಮುಟ್ಟಿದ್ರೆ ಸರಿಹೋಗುತ್ತೆ ಅಂದ್ರೆ ಲೂಸ್ ಬಿಟ್ಟಿದ್ರಿ ಅಂತ ತಾನೇ? ಸಾಕು ಬಿಡಿ, ನಾಳೆಯಿಂದ ಬರ್ಬೇಡಿ."

ಬಾಯಿ ತೆರೆಯಲು ಅದೇ ಹೊತ್ತು. ನಾನು ತೆರೆಯಲಿಲ್ಲ. ಹೇಡಿತನಕ್ಕೆ ಬೇರೆ ಹೆಸರು ಹುಡುಕಿ ಹುಡುಕಿ ಈಗ ಸಾಕಾಗಿದೆ.

ಅವರು ಏಣಿ ಮಡಿಸಿ, ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಮಿಷಿನ್ ಈಗ ಚೆನ್ನಾಗಿ ನಡೀತಿದೆಯೇನಮ್ಮಾ?"

"ಹೂಂ," ಎಂದೆ.

ಮುಂದಿನ ತಿಂಗಳು ನನ್ನ ಕೆಲಸ ಕಾಯಂ ಆಯಿತು.