ಡೀಸೆಲ್ ಟ್ಯಾಂಕಿಗೆ ಬಿದ್ದ ಬೀಗ

ಕೊಕ್ಕನೂರಿನ ಕಸ್ತೂರಮ್ಮನಿಗೆ ಅನುಮಾನ ಹುಟ್ಟಿನಿಂದಲೇ ಬಂದದ್ದು. ಹಾಲಿನವನು ಕಣ್ಣೆದುರಿಗೇ ಎಮ್ಮೆ ಕರೆದುಕೊಟ್ಟರೂ ಅವನ ತಂಬಿಗೆಯೊಳಗೆ ಮೊದಲು ಇಣುಕಿ ನೋಡುವ ಹೆಂಗಸು. ಗಂಡ ತೀರಿಕೊಂಡ ಮೇಲೆ ನಾಲ್ಕೆಕರೆ ಗದ್ದೆಯನ್ನು ಒಬ್ಬಳೇ ನಿಭಾಯಿಸಿದ್ದು ಈ ಗುಣದಿಂದಲೇ ಎಂದು ಅವಳ ನಂಬಿಕೆ. ಅದು ಪೂರ್ತಿ ಸುಳ್ಳೂ ಅಲ್ಲ ಬಿಡಿ.

ಅಂಥವಳು ಹನ್ನೊಂದು ವರ್ಷ ತನ್ನ ಸಣ್ಣ ಟ್ರ್ಯಾಕ್ಟರಿನ ಚಾವಿಯನ್ನು ಡ್ರೈವರ್ ಗೋಣೆಪ್ಪನ ಕೈಗೆ ಬಿಟ್ಟಿದ್ದಳೆಂಬುದೇ ಊರಿಗೊಂದು ಸೋಜಿಗ. ಈ ಸಲ ಪಕ್ಕದೂರಿನಲ್ಲಿ ಯಾರದೋ ಟ್ರ್ಯಾಕ್ಟರಿನಿಂದ ಡೀಸೆಲ್ ಕದ್ದರೆಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಟ್ಯಾಂಕಿನ ಮುಚ್ಚಳಕ್ಕೆ ಸೈಕಲ್ ಟ್ಯೂಬಿನ ರಬ್ಬರು ಬಿಗಿದು, ಮೇಲೆ ಕಬ್ಬಿಣದ ಪಟ್ಟಿ ಕೂರಿಸಿ ಬೀಗ ಜಡಿದಳು. ಬೀಗದ ಕೈ ಸೊಂಟ ಸೇರಿತು.

ನಾಟಿಗೆ ಗದ್ದೆ ಕೆಸರು ಮಾಡುವ ದಿನ ಕಾಟ ಶುರುವಾಯಿತು. ಟ್ರ್ಯಾಕ್ಟರ್ ಅರ್ಧ ಗಂಟೆ ಚೆನ್ನಾಗಿ ಓಡಿ, ಆಮೇಲೆ ಕೆಮ್ಮಿ ನಿಲ್ಲುತ್ತಿತ್ತು. ಎಷ್ಟು ಸೆಲ್ಫ್ ಹೊಡೆದರೂ ಹಿಡಿಯದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಶುರು. ನಿಲ್ಲುವುದೂ ಗದ್ದೆಯ ಆಚೆ ತುದಿಯಲ್ಲೇ, ತನ್ನ ಕಣ್ಣಿಗೆ ಮರೆಯಾದಾಗಲೇ ಎಂಬುದನ್ನು ಕಸ್ತೂರಮ್ಮ ಗುರುತು ಹಾಕಿಕೊಂಡಳು.

"ಅಮ್ಮಾರೆ, ಫಿಲ್ಟರ್ ಚೊಕ್ಕ ಐತೆ. ಮುಚ್ಚಳ ಒಂದ್ಸಲ ತೆಗೀರಿ, ಒಳಗ ಗಾಳಿ ಹೋಗವಲ್ದು," ಎಂದ ಗೋಣೆಪ್ಪ.

ಅಗೋ, ಬಾಯಿಗೆ ಬಂತಲ್ಲ! ಇಡೀ ಟ್ರ್ಯಾಕ್ಟರಿನಲ್ಲಿ ಇವನಿಗೆ ಮುಚ್ಚಳವೇ ಯಾಕೆ ಬೇಕು?

"ಮುಚ್ಚಳ ತೆಗೆದ್ರ ಡೀಸೆಲ್ ತಕ್ಕೊಳ್ಳಾಕ ಸಲೀಸು ನೋಡು. ಕ್ಯಾನು ಎಲ್ಲಿಟ್ಟೀಯೋ ಕಳ್ಳ?"

ನಾಟಿಯ ಹೆಂಗಸರೆಲ್ಲ ತಲೆ ಎತ್ತಿದರು. ಗೋಣೆಪ್ಪನ ಮುಖ ಸಣ್ಣದಾಯಿತು. ಚಾವಿಯನ್ನು ಬದುವಿನ ಮೇಲಿಟ್ಟು, ಕಾಲಿನ ಕೆಸರನ್ನೂ ತೊಳೆಯದೆ ಹೊರಟುಹೋದ.

ಮರುದಿನ ಹರಿಹರದಿಂದ ಮೆಕ್ಯಾನಿಕ್ ಕರಿಬಸವರಾಜ ಬಂದ. ಹೊಸ ಸಾಮಾನು ಬಿಚ್ಚಿ ಹಳೆಯದು ಹಾಕಿಬಿಟ್ಟಾನೆಂದು ಕಸ್ತೂರಮ್ಮ ಅವನ ಬೆನ್ನಿಗೇ ಸ್ಟೂಲು ಹಾಕಿಕೊಂಡು ಕೂತಳು. ಇಂಜಿನ್ ಓಡಿಸಿ, ಅದು ಕೆಮ್ಮಿ ನಿಂತ ಮೇಲೆ, ಪೈಪಿನಲ್ಲಿ ಗಾಳಿ ಹಿಡಿದಿದೆಯೇ ಎಂದು ಅವನು ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿದ. ಡೀಸೆಲ್ ನಾಲ್ಕು ಸಲ ಬಂದು, ಸಣ್ಣಗಾಗಿ, ನಿಂತುಹೋಯಿತು.

"ಈ ಬೀಗ ತೆಗೀರಿ," ಎಂದ.

ಇವನೂ ಅದನ್ನೇ ಕೇಳುತ್ತಾನಲ್ಲ! ಇಬ್ಬರೂ ಒಂದಾಗಿದ್ದಾರೆ ಎಂದುಕೊಂಡೇ ಅವಳು ತನ್ನ ಕೈಯಾರೆ ಬೀಗ ತೆಗೆದು ರಬ್ಬರು ಬಿಚ್ಚಿದಳು. ಸುಸ್ಸೆಂದು ಗಾಳಿ ಒಳಗೆ ನುಗ್ಗಿತು. ಕೈಪಂಪಿನಲ್ಲಿ ಡೀಸೆಲ್ ಚಿಮ್ಮಿತು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು.

"ಮುಚ್ಚಳದಾಗ ಸಣ್ಣ ತೂತು ಇರ್ತೈತೆ. ಡೀಸೆಲ್ ಇಳಿದಂಗ ಗಾಳಿ ಒಳಗ ಹೋಗ್ಬೇಕು. ಅದನ್ನ ನೀವು ರಬ್ಬರಿನಾಗ ಮುಚ್ಚೀರಿ. ಹೇಳೋರು ಯಾರೂ ಇರಲಿಲ್ಲೇನ್ರಿ?"

ಹೇಳುವವನು ಹೇಳಿದ್ದ. ಕಸ್ತೂರಮ್ಮ ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿದಳು, ಡೀಸೆಲ್ ಇರಬೇಕಾದಷ್ಟೂ ಇತ್ತು.

ಗೋಣೆಪ್ಪ ದಾವಣಗೆರೆಯ ವಿನೋಬನಗರದಲ್ಲಿ ಮಗಳ ಮನೆ ಸೇರಿದ್ದ. ಕಸ್ತೂರಮ್ಮ ಬಸ್ಸು ಹತ್ತಿ ಹೋದಳು. "ಬರ್ರಿ, ಕೂಡ್ರಿ," ಎಂದು ನೀರು ಕೊಟ್ಟ. ಅವಳು ತಪ್ಪಾಯಿತೆಂದು ಚಾವಿ ಚಾಚಿದರೆ ಮಾತ್ರ ಕೈ ನೀಡಲಿಲ್ಲ.

"ಇಲ್ಲಿ ಹೇಳಿದ್ರ ಏನು ಬಂತ್ರಿ? ಕಳ್ಳ ಅಂದಿದ್ದು ಮಂದಿ ಮುಂದ. ಅಲ್ಲೇ ಹೇಳ್ರಿ, ನಾಳೆ ಬರ್ತೀನಿ."

ನನ್ನನ್ನು ಊರ ಮುಂದೆ ನಗೆಪಾಟಲು ಮಾಡುವ ಹುನ್ನಾರವಿರಬಹುದೇ ಎಂಬ ಅನುಮಾನ ಬಸ್ಸಿನುದ್ದಕ್ಕೂ ಅವಳನ್ನು ಕೊರೆಯಿತು. ಆದರೂ ಮರುದಿನ ಬದುವಿನ ಮೇಲೆ ನಿಂತಳು.

"ಗೋಣೆಪ್ಪ ಏನೂ ಕದ್ದಿಲ್ಲ. ಟ್ರ್ಯಾಕ್ಟರ್ ಕೆಡಿಸಿದಾಕಿ ನಾನು. ಅವನು ಹೇಳಿದ್ದು ಖರೇ ಇತ್ತು."

ಗೋಣೆಪ್ಪ ಚಾವಿ ತೆಗೆದುಕೊಂಡ. ಅಷ್ಟಕ್ಕೇ ಮುಗಿಯಿತೆಂದು ಕಸ್ತೂರಮ್ಮ ಉಸಿರು ಬಿಡುವಷ್ಟರಲ್ಲಿ, ನಾಟಿ ಹಚ್ಚುತ್ತಿದ್ದ ತಿಮ್ಮವ್ವ ಸೊಂಟ ನೆಟ್ಟಗೆ ಮಾಡಿದಳು.

"ಅಮ್ಮಾರೆ, ಹೋದ ಸುಗ್ಗಿಗೆ ನಾ ಕುಡುಗೋಲು ಕದ್ದೆ ಅಂದಿದ್ರಿ. ಅದೇನಾರ ಸಿಕ್ತೇನ್ರಿ?"

ಅದು ಅಟ್ಟದ ಮೇಲೆ ಸಿಕ್ಕು ಎಂಟು ತಿಂಗಳಾಗಿತ್ತು. ಹೆಂಗಸರೆಲ್ಲ ಕೈಯಲ್ಲಿ ಸಸಿ ಹಿಡಿದು ಕಾಯುತ್ತಿದ್ದರು.

"ಸಿಕ್ಕೈತೆ ತಿಮ್ಮವ್ವ," ಎಂದಳು ಕಸ್ತೂರಮ್ಮ. "ನಮ್ಮ ಮನೆಯಾಗೇ ಇತ್ತು."