ಊಟಕ್ಕೆ ಏಳಿಸುವ ರೆಕಾರ್ಡು

ಮಳವಳ್ಳಿಯ ಪುಟ್ಟಮಾದಣ್ಣನವರ ಮೈಕ್‌ಸೆಟ್ ಅಂಗಡಿಗೆ ನಾನು ಹೋದದ್ದು ಒಂದು ಸ್ಪೀಕರ್ ವೈರಿಗಾಗಿ. ವೈರು ಸಿಗಲಿಲ್ಲ. ಆದರೆ ಮೂಲೆಯ ಸ್ಟೂಲಿನ ಮೇಲೆ, ಟೀ ಲೋಟದ ಅಡಿಯಲ್ಲಿ, ನಾನು ವರ್ಷಗಟ್ಟಲೆ ಹುಡುಕುತ್ತಿದ್ದ ರೆಕಾರ್ಡು ಬಿದ್ದಿತ್ತು.

ಲೋಟದ ಸುತ್ತ ಬಗ್ಗಿ ಲೇಬಲ್ಲನ್ನು ಎರಡು ಸಲ ಓದಿದೆ. ನಗಬೇಡಿ, ನಿಜವಾಗಿಯೂ ಎರಡು ಸಲ.

ರೆಕಾರ್ಡು ಕೂಡಿಡುವ ನನ್ನ ಈ ಖಯಾಲಿ ನಿಮಗೆ ಗೊತ್ತಿರುವುದೇ. ಹೊಸಬರಿಗಾಗಿ ಒಂದು ಮಾತು. ಸುಮಾರು ಐವತ್ತು ವರ್ಷದ ಹಿಂದೆ ವಿದೇಶಗಳಲ್ಲಿ ರಾಕ್ ಮ್ಯೂಸಿಕಲ್‌ಗಳ ಭರಾಟೆ. ಏನಿಲ್ಲ, ನಮ್ಮ ಕಂಪನಿ ನಾಟಕವೇ. ಹಾರ್ಮೋನಿಯಂ ಜಾಗದಲ್ಲಿ ಎಲೆಕ್ಟ್ರಿಕ್ ಗಿಟಾರು, ಅಷ್ಟೆ. ಅದರ ಹಾಡುಗಳು ಹಿಟ್ ಆದವು. ಆಗ ಇನ್ನು ಕೆಲವರು ಹಾಡುವವರನ್ನು ಮನೆಗೆ ಕಳಿಸಿ, ಟೆಲಿಫೋನ್ ಎಕ್ಸ್‌ಚೇಂಜಿನಷ್ಟು ವೈರು ನೇತಾಡುವ ಸಿಂತಸೈಜರ್ ಎಂಬ ಯಂತ್ರದಲ್ಲಿ ಅವೇ ಹಾಡುಗಳನ್ನು ಕುಯ್ಯೋ ಕುಯ್ಯೋ ಅಂತ ನುಡಿಸಿ ರೆಕಾರ್ಡು ಬಿಟ್ಟರು. ಆಗ ಯಾರೂ ಕೊಳ್ಳಲಿಲ್ಲ. ಈಗ ನನ್ನಂಥವರು ಕೊಳ್ಳುತ್ತೇವೆ. (ಆಗ ಯಾರೂ ಕೊಳ್ಳಲಿಲ್ಲ ಎಂಬುದೇ ಈಗ ಕೊಳ್ಳಲು ಕಾರಣ. ಸಂಗ್ರಹಕಾರರ ತಲೆ ಓಡುವುದೇ ಹಾಗೆ.)

ಇಂಥವು ಮಂಡ್ಯದ ನಮ್ಮ ಮನೆಯ ಬೀರುವಿನಲ್ಲಿ ಒಂದು ಸಾಲು ಇವೆ. ಒಂದೊಂದಕ್ಕೂ ಪ್ಲಾಸ್ಟಿಕ್ ಕವರು. ನೋಡಲು ಬಂದವರು ಕೈ ತೊಳೆದು, ಒರೆಸಿಕೊಂಡು, ದೂರದಿಂದ ನೋಡಬೇಕು. ಸವೆದೀತು ಅಂತ ನಾನೇ ಹಾಕಿ ಕೇಳುವುದಿಲ್ಲ. ಹೆಂಡತಿ ಸುಧಾ ಇದನ್ನು "ನಮ್ಮನೆ ಬ್ಯಾಂಕ್ ಲಾಕರ್" ಅನ್ನುತ್ತಾಳೆ. ಇಡೀ ಜಿಲ್ಲೆಯಲ್ಲಿ ಈ ಸಂಗೀತ ಬಲ್ಲವನು ನಾನೊಬ್ಬನೇ ಎಂಬ ಜಂಬದಲ್ಲಿ ನನ್ನ ದಿನಗಳು ಸುಖವಾಗಿ ಕಳೆಯುತ್ತಿದ್ದವು.

ಟೀ ಲೋಟ ಎತ್ತಿ ಪಕ್ಕಕ್ಕಿಟ್ಟು, "ಇದು ನಿಮ್ಮ ಹತ್ರ ಹೇಗೆ ಬಂತು?" ಅಂದೆ.

"ಅದಾ ಮೇಷ್ಟ್ರೆ? ನಮ್ಮಪ್ಪ ಮೈಸೂರಲ್ಲಿ ಯಾವ್ದೋ ಅಂಗ್ಡಿ ಮುಚ್ಚೋವಾಗ ಒಂದ್ ಮೂಟೆ ರಿಕಾಡು ತಂದಿದ್ದ. ಅದ್ರಲ್ಲಿ ಬಂತು. ಊಟದ್ ರಿಕಾಡು ಇದು."

ಊಟದ ರೆಕಾರ್ಡೇ?

"ಊ. ಸಿನ್ಮಾ ಆಡಿನ ಸಣ್ ರಿಕಾಡು ಮೂರ್ ನಿಮಿಸಕ್ಕೆ ಮುಗ್ದೋಯ್ತದೆ. ಮಗುಚಾಕ್ತಾ ಕೂತ್ರೆ ನಾವ್ ಉಣ್ಣೋದ್ ಯಾವಾಗ? ಸಿನ್ಮಾದ್ದೇ ದೊಡ್ ರಿಕಾಡ್ ಆಕುದ್ರೆ, ಅದೇ ಆಡು ಇನ್ನೊಂದ್ಸಲ ಆಕಿ ಅಂತ ಐಕ್ಳು ಬಂದು ಪ್ರಾಣ ತಿಂತವೆ. ಇದ್ನ ಆಕುದ್ರೆ ಯಾರೂ ತಿರುಗ್ ನೋಡಲ್ಲ. ಇಪ್ಪತ್ ನಿಮಿಸ ನೆಮ್ದಿ. ಆಕ್ಬುಟ್ಟು ಮೊದಲ್ನೇ ಪಂಕ್ತೀಲಿ ಕೂತ್ ಉಂಡ್ಕೊಂಡ್ ಬತ್ತಿದ್ದೆ."

ಬರಬರುತ್ತಾ ಜನಕ್ಕೂ ಗೊತ್ತಾಯಿತಂತೆ. ಕುಯ್ಯೋ ಶುರುವಾಯಿತು ಅಂದರೆ ಮೈಕ್‌ಸೆಟ್ಟಿನವನು ಉಣ್ಣಲು ಕೂತ, ಎಲೆ ಹಾಕಿದ್ದಾರೆ, ಏಳಿ. ಕುಯ್ಯೋ ನಿಂತಿತು ಅಂದರೆ ಅವನ ಊಟ ಮುಗಿಯಿತು, ಪಂಕ್ತಿ ಏಳಬೇಕು. ಕೊಪ್ಪ, ಕೆರಗೋಡು, ಹನಕೆರೆ ಕಡೆಯ ಮದುವೆ ಮನೆಗಳೆಲ್ಲ ಈ ರೆಕಾರ್ಡಿನ ಮೇಲೆ ನಡೆದಿವೆ. ಜಿಲ್ಲೆಗೆ ನಾನೊಬ್ಬನೇ ಅಂದುಕೊಂಡಿದ್ದೆನಲ್ಲ? ಸಾವಿರಾರು ಜನಕ್ಕೆ ಇದು ಬಾಯಿಪಾಠ. ನನಗೆ ಹೊಟ್ಟೆ ಉರಿಯಿತು.

ಕೊಡ್ತೀರಾ ಅಂದೆ. ದುಡ್ಡು ಬೇಡ ಅಂದರು. ಆದರೆ ಒಂದು ಷರತ್ತು.

"ಬರೋ ಭಾನ್ವಾರ ಮದ್ದೂರಲ್ಲಿ ನನ್ ಮಗಳ ಬೀಗ್ರೂಟ. ನೀವೇ ಬಂದು ಇದ್ನ ಆಕಿ. ಊರೋರ್ ಮದ್ವೇಲೆಲ್ಲ ನಾನೇ ಆಕಿ, ಗಬಗಬ ಉಂಡು ಓಡೋಗಿದ್ದೀನಿ. ಇದೊಂದ್ ಸಲ ಬೀಗ್ರ ಪಕ್ಕ ಕೂತು ನಿಧಾನಕ್ಕೆ ಉಣ್ತೀನಿ. ಮುಗುದ್ಮೇಲೆ ತಗೊಂಡೋಗಿ. ಮಧ್ಯ ಮಾತ್ರ ನಿಲ್ಬಾರ್ದು ಕಣ್ರಪ್ಪ. ನಿಂತ್ರೆ ಬೀಗ್ರು ಅರ್ಧ ಊಟಕ್ಕೇ ಎದ್ಬುಡ್ತಾರೆ, ನನ್ ಮಾನ ಓಯ್ತದೆ."

ಒಪ್ಪಿದೆ. ಒಪ್ಪದೆ ಇನ್ನೇನು? ಬೀರುವಿನ ಸಾಲಿನಲ್ಲಿ ಅದೊಂದು ಜಾಗ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಭಾನುವಾರ ನನ್ನ ಪ್ಲೇಯರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿದೆ. ("ನನಗೆ ಒಂದಿನ ಹಾಕಿದ್ದುಂಟಾ?" ಸುಧಾ ಕೇಳಿದಳು. ನಾನು ಕೇಳಿಸಿಕೊಳ್ಳಲಿಲ್ಲ.) ಮದ್ದೂರಿನ ಕಲ್ಯಾಣ ಮಂಟಪದಲ್ಲಿ ಸ್ಟೇಜಿನ ಪಕ್ಕ ಟೇಬಲ್ ಹಾಕಿದ್ದರು. ನನಗೋ ಒಳಗೊಳಗೇ ಒಂದು ಆಸೆ. ಬೀರುವಿನಲ್ಲಿ ಕೂರುವಂಥ ಸಂಗೀತವನ್ನು ನನ್ನ ಕೈಯಿಂದ ಮೊದಲ ಸಲ ತುಂಬಿದ ಸಭೆ ಕೇಳುತ್ತದೆ. ಯಾರಾದರೂ ಒಬ್ಬರು ಬಂದು "ಏನಿದು ಸಾರ್, ಅದ್ಭುತವಾಗಿದೆಯಲ್ಲ" ಅನ್ನಬಾರದೇ? ಹೇಳಲು ಎರಡು ಮಾತು ತಯಾರೂ ಮಾಡಿಕೊಂಡಿದ್ದೆ.

ಮುಳ್ಳು ಇಳಿಸಿದೆ. ಕುಯ್ಯೋ ಎಂದಿತು.

ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು ನಿಂತರು. ಅವರ ಹಿಂದೆ ಇನ್ನಿಬ್ಬರು. ನೋಡನೋಡುತ್ತಾ ಇಡೀ ಸಭೆ ಎದ್ದು ನಿಂತಿತು ಕಣ್ರೀ. ಸ್ಟ್ಯಾಂಡಿಂಗ್ ಒವೇಷನ್ ಅಂತ ಪೇಪರಿನಲ್ಲಿ ಓದಿದ್ದೆ, ನನಗೇ ಸಿಗುತ್ತದೆ ಅಂದುಕೊಂಡಿರಲಿಲ್ಲ. ಕಣ್ಣು ತುಂಬಿ ಬಂತು.

ಎದ್ದ ಸಭೆ ಬಲಕ್ಕೆ ತಿರುಗಿ ಡೈನಿಂಗ್ ಹಾಲಿಗೆ ಓಡಿತು. ಸುಧಾ ಎಲ್ಲರಿಗಿಂತ ಮುಂದಿದ್ದಳು.

ಉಳಿದದ್ದು ನಾನು ಮತ್ತು ಖಾಲಿ ಕುರ್ಚಿಗಳು. ಬಿಟ್ಟು ಹೋಗುವ ಹಾಗಿಲ್ಲ. ಯಾರೋ ಓಡಾಡಿ ಟೇಬಲ್ ಅಲುಗಿ ಮುಳ್ಳು ಹಾರಿದರೆ ನನ್ನ ರೆಕಾರ್ಡಿಗೆ ಗೀರು, ಪುಟ್ಟಮಾದಣ್ಣನವರ ಮಾನಕ್ಕೂ ಗೀರು. ಹಾಗಾಗಿ ಕಾವಲು ನಿಂತು ಪೂರ್ತಿ ಕೇಳಿದೆ. ಬೇರೆ ದಾರಿ ಇರಲಿಲ್ಲ. ನಿಮ್ಮ ಹತ್ತಿರ ಸುಳ್ಳು ಹೇಳುವುದೇಕೆ, ಮೊದಲ ಹಾಡು ಚೆನ್ನಾಗಿತ್ತು. ಎರಡನೆಯದೂ ಮೊದಲನೆಯದರ ಹಾಗೇ ಇತ್ತು. ಮೂರನೆಯದರ ಹೊತ್ತಿಗೆ ಪಕ್ಕದ ಮನೆಯಲ್ಲಿ ಯಾರೋ ಮಿಕ್ಸಿ ಹಾಕಿಟ್ಟು ಮರೆತಂತಿತ್ತು. ಮೊದಲ ಪಂಕ್ತಿ ತೃಪ್ತಿಯಾಗಿ ಎದ್ದಿತು. ಪುಟ್ಟಮಾದಣ್ಣ ಬೀಗರ ಹೆಗಲ ಮೇಲೆ ಕೈ ಹಾಕಿಕೊಂಡು ಎಲೆಯಡಿಕೆ ಕಡೆ ಹೋದರು. ನಾನು ರೆಕಾರ್ಡು ಮಗುಚಿ ಹಾಕಿದೆ. ಜಾಗ ಸಿಗದೆ ಕಾಯುತ್ತಿದ್ದವರ ಎರಡನೆಯ ಪಂಕ್ತಿ ಕೂತಿತು. ಅದೇ ಕೊನೆಯದು.

ಡೈನಿಂಗ್ ಹಾಲಿನಿಂದ ಮಟನ್ ಬೋಟಿ ಗೊಜ್ಜಿನ ವಾಸನೆ ಬರತೊಡಗಿತು. ಕೊಪ್ಪದಿಂದ ಬಂದಿದ್ದ ಅಜ್ಜಿಯೊಬ್ಬರು ಉಂಡು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು.

"ಯಾರಪ್ಪ ಇದ್ನ ಆಡಿರೋದು?"

"ಯಾರೂ ಹಾಡಿಲ್ಲ ಅಜ್ಜಿ. ಇದು ಮೆಷಿನ್ನು."

"ಅಂಗಾರೆ ಸರಿ. ಅದ್ಕೆ ಹೊಟ್ಟೆ ಇಲ್ಲ, ಬಡ್ಕೊಳ್ತಾ ಕೂತದೆ. ನೀನೇನ್ ಮಿಸಿನ್ನಾ? ಎದ್ದೋಗ್ ಉಣ್ಣೋಗು. ನಾನ್ ನೋಡ್ಕೋತೀನಿ ಬುಡು."

ಕೈ ತೊಳೆಯದೆ ಯಾರನ್ನೂ ಹತ್ತಿರ ಬಿಡದ ನಾನು, ಅಜ್ಜಿಯ ಕೈಯಲ್ಲಿ ಎಲೆಯಡಿಕೆ ಇದ್ದದ್ದನ್ನು ನೋಡಿಯೂ, ಎದ್ದು ಓಡಿದೆ.

ತುದಿಯಲ್ಲಿ ಒಂದೇ ಒಂದು ಕುರ್ಚಿ ಖಾಲಿ ಇತ್ತು. ಪಕ್ಕದವರೆಲ್ಲ ಆಗಲೇ ಅನ್ನಕ್ಕೆ ಬಂದಿದ್ದರು. ನನ್ನೆಲೆಗೆ ಮುದ್ದೆ ಬಿತ್ತು, ಗೊಜ್ಜು ಬಿತ್ತು, ಎರಡು ತುಂಡು ಮೂಳೆಯೂ ಬಿತ್ತು. ಒಂದು ತುತ್ತು ಮುರಿದು, ಅದ್ದಿ, ನುಂಗಿದೆ. ಆಹಾ. ಎರಡನೆಯ ತುತ್ತು ಮುರಿದೆ.

ಕುಯ್ಯೋ ನಿಂತಿತು.

ಇಡೀ ಪಂಕ್ತಿ ಒಂದೇ ಏಟಿಗೆ ಎಲೆ ಮಡಚಿ ಎದ್ದಿತು. ಬಡಿಸುವವರು ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ನನ್ನ ಎಲೆಯ ತುದಿಯನ್ನು ಆಗಲೇ ಯಾರೋ ಹಿಡಿದಿದ್ದರು. ಬಾಗಿಲಲ್ಲಿ ನಿಂತಿದ್ದ ಪುಟ್ಟಮಾದಣ್ಣ ನಗುನಗುತ್ತಾ, "ಉಂಡ್ರಾ ಮೇಷ್ಟ್ರೆ? ಇನ್ಮೇಲೆ ರಿಕಾಡು ನಿಮ್ದೇ ಬುಡಿ" ಅಂದರು.

ಇಷ್ಟು ವರ್ಷದ ಸಂಗ್ರಹದಲ್ಲಿ, ಒಂದು ರೆಕಾರ್ಡು ಇನ್ನೂ ಸ್ವಲ್ಪ ಹೊತ್ತು ಓಡಲಿ ಎಂದು ನಾನು ಮನಸಾರೆ ಬಯಸಿದ್ದು ಅದೇ ಮೊದಲು.