ಎರಡು ಕಳಾವರ್‌ಗೆ ನಾನು ಹೇಳಿದ ಅರ್ಥ

ಬ್ರಿಜ್ ಆಟದಲ್ಲಿ ಎಲೆ ಹಾಕುವ ಮೊದಲು ಹರಾಜು ನಡೆಯುತ್ತದೆ. ಕೈಯಲ್ಲಿರುವುದನ್ನು ಜೊತೆಗಾರನಿಗೆ ನೇರ ಹೇಳುವಂತಿಲ್ಲ. ಮೊದಲೇ ಗೊತ್ತುಮಾಡಿಕೊಂಡ ಕೂಗುಗಳಲ್ಲಿ ತಿಳಿಸಬೇಕು. 'ಎರಡು ಕಳಾವರ್' ಎಂದು ಹರಾಜು ಶುರುಮಾಡಿದರೆ ಕಳಾವರ್ ಎಲೆಗಳಿವೆ ಎಂದಲ್ಲ, ಎಕ್ಕ, ರಾಜ ತುಂಬಿವೆ ಎಂದರ್ಥ. ಎದುರಾಳಿಗೆ ಅರ್ಥ ಬೇಕಾದರೆ ಕೂಗಿದವನನ್ನಲ್ಲ, ಅವನ ಜೊತೆಗಾರನನ್ನು ಕೇಳಬೇಕು. ಆ ಭಾನುವಾರ ಆದೋನಿಯ ಕ್ಲಬ್ಬಿನಲ್ಲಿ ಉತ್ತರ ಹೇಳಬೇಕಾದವನು ನಾನು.

ನನ್ನ ಜೊತೆಗಾರರು ಸೋದರಮಾವ. ಎದುರಾಳಿಗಳು ಹತ್ತಿ ಮಿಲ್ಲಿನ ಸಾಹುಕಾರರು, ನಿವೃತ್ತ ಸ್ಟೇಷನ್ ಮಾಸ್ಟರು. ಮಧ್ಯಾಹ್ನ ಮೂರು ಗಂಟೆ. ಮಾವ "ಎರಡು ಕಳಾವರ್" ಎಂದರು.

"ಏನರ್ಥ ರೀ?" ಸ್ಟೇಷನ್ ಮಾಸ್ಟರು ನನ್ನನ್ನು ಕೇಳಿದರು.

"ಭಾಳ ದೊಡ್ಡ ಕೈ" ಎಂದೆ.

ನಾನು ಮೂರು ನೋ ಟ್ರಂಪ್‌ಗೆ, ಅಂದರೆ ತುರುಪಿಲ್ಲದ ಆಟಕ್ಕೆ, ಏರಿದೆ. ಆಟದ ನಿಯಮದಂತೆ ಮಾವನ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿದಾಗ ಅವುಗಳಲ್ಲಿ ಒಂದೂ ಎಕ್ಕವಿಲ್ಲ, ಒಬ್ಬ ರಾಜನೂ ಇಲ್ಲ.

"ಏಂ ಸಾರ್, ಅಳಿಯನ್ನ ಬಾವಿಗೆ ತಳ್ಳಿದ್ರಲ್ಲ!" ಸಾಹುಕಾರರು ಮೇಜು ತಟ್ಟಿ ನಕ್ಕರು.

ಮಾವನೂ ನಕ್ಕರು. ನಗು ಒಂದೇ ಕಡೆಗೆ ಎಳೆದಿತ್ತು. ಅದನ್ನು ನಾನು ನೋಡಿದೆ. ಬೇಕೆಂದೇ ಸುಳ್ಳು ಕೂಗಿ ಎದುರಾಳಿಗಳನ್ನು ದಾರಿ ತಪ್ಪಿಸಿದ ತುಂಟತನ ಅಂದುಕೊಂಡೆ. ಚಹಾ ಬಂತು. ಮಾವ ಮುಟ್ಟಲಿಲ್ಲ, ಮಾತೂ ಆಡಲಿಲ್ಲ. ಸೋತ ಸಿಟ್ಟು ನನಗಿತ್ತು, ನಾನೂ ಮಾತಾಡಿಸಲಿಲ್ಲ.

ನಾಲ್ಕರ ಹೊತ್ತಿಗೆ ಮತ್ತೆ ಎಲೆ ಹಂಚಿದೆವು. ನಾನು ಒಂದು ನೋ ಟ್ರಂಪ್ ಕೂಗಿದೆ. ಮಾವ, "ಎರಡು ಕಳಾವರ್." ನಾನು, "ಎರಡು ಆಟೀನ್." ಮಾವ ಮತ್ತೆ, "ಎರಡು ಕಳಾವರ್."

"ಆಟೀನ್ ಮ್ಯಾಲೆ ಕಳಾವರ್? ಕೆಳಗಿನ ಕೂಗು ಕೂಗಂಗಿಲ್ಲ ಅಲ್ರೀ. ಇದೇನು ಕೊತ್ತ ಸಿಸ್ಟಮ್ಮಾ?" ಸಾಹುಕಾರರು ಕೇಳಿದರು.

"ಹೂಂ, ಮಾವ ಹೊಸದು ತಂದಾರ" ಎಂದು ನಾನೂ ನಕ್ಕೆ. "ಮಾವ, ಸರಿಯಾಗಿ ಕೂಗ್ರಿ."

ಮಾವ ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರಿತ್ತು. "ಎರಡು... ಕಳಾ..." ಬಲಗೈ ಜಾರಿ ತೊಡೆಯ ಮೇಲೆ ಬಿತ್ತು.

ಸಾಹುಕಾರರ ಕಾರಿನಲ್ಲಿ ಬಳ್ಳಾರಿಗೆ ಹೊರಟೆವು. ಆಲೂರು ದಾಟುವವರೆಗೂ ಮಾವನ ತಲೆ ನನ್ನ ಭುಜದ ಮೇಲೆ ಅಲುಗುತ್ತಲೇ ಇತ್ತು. ಆಸ್ಪತ್ರೆ ಮುಟ್ಟಿದಾಗ ಆರು ಗಂಟೆ.

"ಮಾತು ಎಡವಿದ್ದು ಎಷ್ಟು ಗಂಟೆಗೆ? ಕರೆಕ್ಟಾಗಿ ಹೇಳ್ರಿ" ಎಂದರು ಡಾಕ್ಟರು. "ಲಕ್ವಾ ಹೊಡೆದು ಟೈಮ್ ಮೀರಿದ್ರ ರಕ್ತದ ಗಡ್ಡೆ ಕರಗಿಸೋ ಇಂಜೆಕ್ಷನ್ ಕೊಡಂಗಿಲ್ಲ."

ನಾಲ್ಕು ಎಂದರೆ ಕೊಟ್ಟೇ ಕೊಡುತ್ತಾರೆ. ನಗು ಓರೆಯಾಗಿದ್ದ ಮೂರು ಗಂಟೆ ಎಂದರೆ? ಸಾಹುಕಾರರು ನನ್ನ ಮುಖ ನೋಡಿದರು.

"ಮೂರಕ್ಕ" ಎಂದೆ.

ಡಾಕ್ಟರು ಗೋಡೆಯ ಗಡಿಯಾರ ನೋಡಿದರು. "ಇನ್ನೂ ಟೈಮ್ ಐತಿ. ಮೊದ್ಲು ಸ್ಕ್ಯಾನ್" ಎಂದು ಒಳಗೆ ಓಡಿದರು.

ಮಾವನಿಗೆ ಈಗ ಮಾತು ಬಂದಿದೆ, ಬಲಗೈ ಇನ್ನೂ ಏಳುತ್ತಿಲ್ಲ. ಆ ಒಂದು ಗಂಟೆ ನಾನೇನು ಮಾಡುತ್ತಿದ್ದೆ ಎಂದು ಅವರು ಈವರೆಗೆ ಕೇಳಿಲ್ಲ. ಸಂಜೆ ಅವರ ಮನೆಗೆ ಹೋದಾಗಲೆಲ್ಲ, ಇವತ್ತು ಕೇಳುತ್ತಾರೇನೋ ಎಂದು ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.